ಅಧಿಕ ಮಾಸದ ನಿದ್ದೆ

ನಮ್ಮ ಊರಿನಲ್ಲಿ ಇಬ್ಬರಿಗೆ ಒಂದೇ ನಿದ್ದೆ. ಹಳ್ಳದ ಈಚೆ ದಡದಲ್ಲಿ ಒಂದು ಕೂಸು ಹುಟ್ಟಿದರೆ ಆಚೆ ದಡದಲ್ಲಿ ಅದೇ ಸುಮಾರಿಗೆ ಹುಟ್ಟಿದ ಇನ್ನೊಂದು ಕೂಸನ್ನು ಹುಡುಕಿ, ಎರಡನ್ನೂ ಒಂದು ಮಧ್ಯಾಹ್ನ ಒಂದೇ ತೊಟ್ಟಿಲಲ್ಲಿ ಹಾಕುತ್ತಿದ್ದರು. ಅಲ್ಲಿಂದ ಮುಂದೆ ಒಂದು ಮಲಗಿದರೆ ಇನ್ನೊಂದಕ್ಕೆ ಕಣ್ಣು ಹತ್ತುವುದಿಲ್ಲ. ಅದು ಎದ್ದರೆ ಇದಕ್ಕೆ ತೂಕಡಿಕೆ. ಹೀಗೆ ಆಚೆ ದಡದಲ್ಲಿ ನಮ್ಮ ನಿದ್ದೆಯ ಅರ್ಧ ಇಟ್ಟುಕೊಂಡವರನ್ನು ನಾವು ಸರದಿಯವರು ಎನ್ನುತ್ತಿದ್ದೆವು. ಸರದಿಯವರನ್ನು ಮದುವೆಯಾಗಬಾರದೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಒಬ್ಬರು ಗೊರಕೆ ಹೊಡೆಯುವಾಗ ಇನ್ನೊಬ್ಬರು ಜಂತಿ ಎಣಿಸುತ್ತ ಬಿದ್ದಿರುವ ಸಂಸಾರ ಯಾರಿಗೆ ಬೇಕು?

ಇದರಿಂದ ದೊಡ್ಡ ತೊಂದರೆ ಏನೂ ಇರಲಿಲ್ಲ. ಆರು ತಿಂಗಳು ಇರುಳು ನಮ್ಮದು, ಆರು ತಿಂಗಳು ಅವರದು. ನಾವು ಹಾಸಿಗೆ ಬಿಡಿಸುವ ಹೊತ್ತಿಗೆ ಅವರ ದಡದಲ್ಲಿ ಗಾಣಗಳು ಕಿರುಗುಟ್ಟಲು ಶುರುವಾಗುತ್ತಿದ್ದವು. ಅವರೆಕಾಯಿ ಬರುವ ಕಾಲಕ್ಕೆ ಇರುಳು ಆಚೆಗೆ ಹೋಗುತ್ತಿತ್ತು. ಆಗ ನಾವು ದೀಪದಲ್ಲಿ ದುಡಿದು ಬಿಸಿಲಲ್ಲಿ ಮಲಗುತ್ತಿದ್ದೆವು. ನಡುವೆ ಯಾರಿಗಾದರೂ ಜ್ವರ ಬಂದು ಒಂದು ಗಳಿಗೆ ಒರಗಬೇಕೆನಿಸಿದರೆ ಹಳ್ಳದ ದಂಡೆಗೆ ಬಂದು ಸರದಿಯವರ ಹೆಸರು ಹಿಡಿದು ಕೂಗಿ ಕೇಳುವುದು ಮರ್ಯಾದೆ.

ನನ್ನ ಮಗಳು ಜೈನಾ ಮಾತ್ರ ಕೇಳುತ್ತಿರಲಿಲ್ಲ, ದಬಾಯಿಸುತ್ತಿದ್ದಳು. "ಏ ಅಡಿವ್ಯಾ, ಒಂದ್ ಜೊಂಪು ಹೊಡಿತೀನಿ. ಎದ್ದಿರು!"

ಆಚೆಯಿಂದ ಗಾಣಿಗರ ಅಡಿವೆಪ್ಪ ಎಣ್ಣೆಯ ಕೈ ಬೀಸುತ್ತ ಕೂಗುತ್ತಿದ್ದ. "ನಿನ್ನೆನೂ ಹೊಡದಿ, ಮೊನ್ನೆನೂ ಹೊಡದಿ. ನೀ ಏನ್ ಹೆಬ್ಬಾವೇನ ಮಾರಾಯ್ತಿ?"

"ಹೌದು. ದಾಟಿ ಬಾ, ನುಂಗ್ತೀನಿ!"

ಬೈದುಕೊಂಡೇ ಇಬ್ಬರೂ ಬೆಳೆದರು. ಅವಳಿಗೆ ಮುಟ್ಟಿನ ಹೊಟ್ಟೆನೋವು ಬಂದ ದಿನಗಳಲ್ಲಿ ಆ ಹುಡುಗ ಹೇಗೆ ಗೊತ್ತುಮಾಡಿಕೊಳ್ಳುತ್ತಿದ್ದನೋ ಏನೋ, ತನ್ನ ಪಾಲಿನ ಹೊತ್ತಿನಲ್ಲೂ ಎದ್ದಿರುತ್ತಿದ್ದ. ಆ ದಿನಗಳಲ್ಲಿ ಜೈನಾ ಹೊತ್ತಲ್ಲದ ಹೊತ್ತಿನಲ್ಲಿ ಸುಖವಾಗಿ ನಿದ್ದೆ ಹೋಗುವುದನ್ನು ನಾನು ನೋಡುತ್ತಿದ್ದೆ.

ನಾನು ಒಂಟಿ. ನನ್ನ ಸರದಿಯವಳು ಗೌರವ್ವ, ನಾನು ಮದುವೆಯಾದ ವರ್ಷವೇ ಬಾಣಂತಿಜ್ವರದಲ್ಲಿ ಹೋದಳು. ನನಗೆ ಯಾರೂ ಬಂದು ಹೇಳಲಿಲ್ಲ. ಒಂದು ಸಂಜೆ ಮಲಗಿದವಳು ಮರುದಿನ ಸಂಜೆ ಎದ್ದೆ. ಎದ್ದು ಒಂದು ಗಳಿಗೆ ಕೂತು, ಮಲಗಿದರೆ ಮತ್ತೆ ನಿದ್ದೆ. ಕರೆದಾಗ ಬರುತ್ತದೆ, ಕರೆಯದಿದ್ದರೂ ಬರುತ್ತದೆ, ಆಚೆಯಿಂದ ಎಳೆಯುವವರಿಲ್ಲ. ಕೇಳಲು ಸುಖವೆನಿಸಬಹುದು. ತಳವಿಲ್ಲದ ಬಾವಿಗೆ ಬಿಂದಿಗೆ ಇಳಿಬಿಟ್ಟ ಹಾಗಿರುತ್ತದೆ ಅದು. ಜೈನಾಳ ಅಪ್ಪ ಹತ್ತಿಯ ಗಾಡಿಯ ಜೊತೆ ಹೋದವನು ಬೇರೆ ಊರಿನಲ್ಲೇ ಒಲೆ ಹೂಡಿದ. ನಾನು ಅರಳೆ ಹಿಂಜಿ, ಗಾದಿ ಹೊಲಿದು ಮಗಳನ್ನು ಸಾಕಿದೆ. ಪಿಂಜಾರರ ಇಮಾಂಬಿಯ ಗಾದಿಯ ಮೇಲೆ ಮಲಗಿದರೆ ಸರದಿಯವರು ಜಗಳಕ್ಕೆ ಬರುತ್ತಾರೆ ಎಂದು ಜನ ತಮಾಷೆ ಮಾಡುತ್ತಿದ್ದರು. ಕೊನೆಗೆ ಆದದ್ದೂ ಅದೇ ತಾನೇ.

ಜಗಳ ಹುಟ್ಟಿದ್ದು ಅಧಿಕ ಮಾಸದಿಂದ. ಹಿಂದೆಲ್ಲ ಅಂಥ ತಿಂಗಳು ಬಂದರೆ ಒಂದು ಪಕ್ಷದ ಇರುಳು ನಮಗೆ, ಒಂದು ಪಕ್ಷದ್ದು ಅವರಿಗೆ. ಈ ಸಲ ಅದು ನಮ್ಮ ಆರು ತಿಂಗಳ ಕೊನೆಗೆ ಬಂದು ಅಂಟಿಕೊಂಡಿತು. ನಮ್ಮ ಹಿರಿಯರು, ನಮ್ಮ ಬಾಲಕ್ಕೆ ಬಂದದ್ದು ಪೂರಾ ನಮ್ಮದೇ ಎಂದರು. ಆಚೆಯವರು, ಹೋದ ಸಲ ನಮ್ಮ ಬಾಲಕ್ಕೆ ಬಂದಾಗ ನಾವು ಅರ್ಧ ಕೊಡಲಿಲ್ಲವೇ ಎಂದರು. ಯಾರೂ ಬಿಡಲಿಲ್ಲ. ಪಕ್ಷ ತಿರುಗಿದ ಸಂಜೆ ಎರಡೂ ದಡದವರು ಒಟ್ಟಿಗೆ ದೀಪ ಆರಿಸಿ ಒಟ್ಟಿಗೆ ಮಲಗಿದರು. ಮೊದಲು ಕಣ್ಣು ಹತ್ತಿದವರಿಗೆ ಇರುಳು. ಉಳಿದವರು ಎದ್ದು ಕೂತು ತಮಟೆ ಬಡಿದರು. ತಮಟೆಗೆ ಉತ್ತರವಾಗಿ ಕವಣೆಕಲ್ಲು ಹೋದವು. ಒಂದು ಕಲ್ಲು ತೊಟ್ಟಿಲಿಗೆ ಬಿತ್ತು. ಅದರ ಮಾರನೆಯ ದಿನ ಬಂದೂಕುಗಳು ಹೊರಬಂದವು.

ನಮ್ಮ ಕಡೆ ಹತ್ತಿ ಅಂಗಡಿಯ ಗುರುಪಾದಪ್ಪ ದಂಡಿನ ಮುಖಂಡನಾದ. ಮನೆಗೊಬ್ಬರಂತೆ ಹರೆಯದವರನ್ನೆಲ್ಲ ಸೇರಿಸಿಕೊಂಡ. ನನಗೆ ಇದ್ದವಳು ಒಬ್ಬಳೇ, ಜೈನಾ ಹೋದಳು. ಆಚೆ ದಡದ ಹರೆಯದವರೂ ಹಾಗೆಯೇ ಒಂದು ಕಡೆ ಸೇರಿದರು. ಗುರುಪಾದಪ್ಪನಿಗೆ ಹೊಳೆದದ್ದು ಒಂದೇ ಉಪಾಯ: ನಮ್ಮ ಹುಡುಗರು ಮಲಗಿದಷ್ಟು ಹೊತ್ತು ಅವರ ಹುಡುಗರಿಗೆ ನಿದ್ದೆ ಇಲ್ಲ. ಆದ್ದರಿಂದ ಹತ್ತಿಯ ಉಗ್ರಾಣ ಖಾಲಿ ಮಾಡಿಸಿ, ನನ್ನಿಂದ ಗಾದಿಗಳನ್ನು ಹೊಲಿಸಿ, ಸಾಲಾಗಿ ಹಾಸಿ, ಹುಡುಗರನ್ನು ಮಲಗಿಸಿದ. ಹಗಲೂ ಇರುಳೂ ಮಲಗುವುದೇ ಅವರ ಕೆಲಸ. ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ಗಸಗಸೆ ಪಾಯಸ, ಜೊತೆಗೆ ಅದೇ ಗಿಡದ ಕಾಯಿಯ ಕಷಾಯವನ್ನೂ ಬೆರೆಸಿದ್ದು. ಹೆಂಗಸರು ಪಾಳಿಯ ಮೇಲೆ ಜೋಗುಳ ಹಾಡಬೇಕು. ಹಗೆಯ ತಮಟೆ ಕೇಳದಂತೆ ಕಿವಿಗೆ ನನ್ನದೇ ಅರಳೆ.

"ಮಲಗ್ರೋ ತಮ್ಮಗೋಳ್ರಾ, ಮಲಗ್ರಿ! ನೀವು ಒಂದೊಂದು ಗೊರಕಿ ಹೊಡದ್ರ ಅದು ಆ ಮಕ್ಕಳ ಕಣ್ಣಾಗ ಒಂದೊಂದು ಮುಳ್ಳು!" ಎಂದು ಸಾಲುಗಳ ನಡುವೆ ಅವನು ಓಡಾಡುತ್ತಿದ್ದ.

ಕಮ್ಮಾರರ ಮುದಕಪ್ಪ ಎಂಬ ಹುಡುಗ ಗಾದಿಯ ಮೇಲಿಂದ ಕೇಳಿದ. "ಮಾವ, ಮಲಗಿ ಮಲಗಿ ಬೆನ್ನು ನೋಯಾಕತ್ತೈತಿ. ಇದಕ್ಕೇನ್ ಶೌರ್ಯದ ಪದಕ ಕೊಡ್ತೀರೇನ್ರಿ?"

"ಕೊಡ್ತೀನಿ, ಕಣ್ಣು ಮುಚ್ಚಲೇ."

ನಾನು ಒಂಟಿಯಾದ್ದರಿಂದ ಬೇಕಾದಾಗ ಎಚ್ಚರವಿರಬಲ್ಲೆ ಎಂದು ನನ್ನನ್ನು ಉಗ್ರಾಣದ ಕಾವಲಿಗೆ ಹಾಕಿದರು. ಯಾರಾದರೂ ಸುಳ್ಳು ನಿದ್ದೆ ಮಾಡುತ್ತಿದ್ದರೆ ಹೇಳಬೇಕು. ಸುಳ್ಳು ನಿದ್ದೆ ಎಂದರೆ ಹಗೆಗೆ ನಿದ್ದೆ ಕೊಟ್ಟಂತೆ. ಹಾಗೆ ಸಿಕ್ಕಿಬಿದ್ದ ಒಬ್ಬ ಹುಡುಗನನ್ನು ದಂಡೆಯ ಮೇಲೆ ಕಂಬಕ್ಕೆ ಕಟ್ಟಿದರು. ಯಾರ ಗುಂಡೆಂದು ಗೊತ್ತಿಲ್ಲ, ಅವನು ಕಂಬದಲ್ಲೇ ಸತ್ತ. ಆಮೇಲೆ ಎಲ್ಲರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

ಅರಳೆಯ ಒಂದು ಎಳೆಯನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದೆ. ನಿಜವಾಗಿ ಮಲಗಿದವರ ಉಸಿರಿಗೆ ಅದು ಒಂದೇ ಹದದಲ್ಲಿ ಆಡುತ್ತದೆ. ಸುಳ್ಳು ಮಲಗಿದವರು ಉಸಿರನ್ನು ತಾವೇ ನಡೆಸುತ್ತಾರೆ, ಎಲ್ಲೋ ಒಂದು ಕಡೆ ಎಡವುತ್ತಾರೆ. ಒಂದು ಮಧ್ಯಾಹ್ನ ಜೈನಾಳ ಮೂಗಿನ ಹತ್ತಿರ ಎಳೆ ಎಡವಿತು. ಬಗ್ಗಿ ನೋಡಿದರೆ ಅವಳ ದವಡೆ ಸಣ್ಣಗೆ ಆಡುತ್ತಿತ್ತು. ಬಾಯಲ್ಲಿ ಹುಣಸೆಕಾಯಿಯ ಚೂರು ಇಟ್ಟುಕೊಂಡು ನಿದ್ದೆ ತಡೆಯುತ್ತಿದ್ದಳು.

ಹೇನು ನೋಡುವ ನೆಪದಲ್ಲಿ ಅವಳ ತಲೆಯ ಹತ್ತಿರ ಕೂತೆ. "ಏನ್ ನಡಿಸೀದಿ ಇದು?"

"ಈಗ ಅವನ ಸರದಿ, ಅವ್ವ," ಎಂದಳು, ತುಟಿ ಅಲುಗಿಸದೆ.

"ಯಾವಾಗಿಂದ?"

"ಮೊದಲಿಂದ. ಮುಂಜಾನೆ ಮಟ ನಾ ಮಲಗ್ತೀನಿ. ಆಮ್ಯಾಲೆ ಅಂವ."

"ಅಂವ ಏನ್ ಹೇಳಿ ಕಳಿಸ್ಯಾನೇನ?"

"ಯಾರ ಕೈಲಿ ಕಳಿಸ್ತಾನ? ಮೊದಲನೇ ದಿನ ನಾ ಸುಮ್ನ ಎದ್ದು ಬಿದ್ದಿದ್ದೆ, ಪಾಪ ಮಲಗ್ಲಿ ಅಂತ. ಸಂಜಿಗೆ ನೋಡಿದ್ರ ನನಗ ನಿದ್ದಿ ಬಂತು. ಅಂವ ತಾನಾಗೇ ಎದ್ದಿದ್ದ. ಅಷ್ಟ."

"ಅಂವ ಏಳಲಿಲ್ಲಂದ್ರ?"

"ಏಳ್ತಾನ."

ನನಗೆ ಸಿಟ್ಟು ಬಂತು. ಹಿಂಜಿ ಹಿಂಜಿ ನನ್ನ ಕೈಯಲ್ಲಿ ಬೊಬ್ಬೆ ಎದ್ದಿದ್ದವು, ಬೆನ್ನು ನೇರ ಮಾಡಲಾಗುತ್ತಿರಲಿಲ್ಲ, ಇವಳಿಗೆ ಕಂಬ ಕಾದಿತ್ತು. "ಕಂಬ ನೋಡೀದೀಯಿಲ್ಲ? ಅಲ್ಲಿ ನಿನ್ನ ಕಟ್ಟಿದ್ರ ನಾ ಏನ್ ಮಾಡ್ಲಿ?" ಎಂದೆ.

"ನೀನ ಕಾವಲು ಅದೀಯಲ್ಲ. ಹೇಳಬ್ಯಾಡ." ಹುಣಸೆಯ ಚೂರನ್ನು ಇನ್ನೊಂದು ದವಡೆಗೆ ಸರಿಸಿಕೊಂಡು ಅಂದಳು, "ನಿನ್ನ ಹಂಗ ಮಲಗೋದು ನನಗ ಬ್ಯಾಡವ್ವ. ಸಣ್ಣಾಕಿದ್ದಾಗ ನಿನ್ನ ಎಬ್ಬಿಸಿ ಎಬ್ಬಿಸಿ ನನಗ ಸಾಕಾಗಿತ್ತು. ಅಂಜಿಕಿ ಬರ್ತಿತ್ತು."

ನಾನು ಹೇಳಲಿಲ್ಲ. ಆವತ್ತಿನಿಂದ ಅರಳೆಯ ಎಳೆ ಹಿಡಿಯುವುದನ್ನೂ ಬಿಟ್ಟೆ. ಯಾರ ಮೂಗಿನ ಹತ್ತಿರವೂ ಹಿಡಿಯಲಿಲ್ಲ. ನನ್ನ ಮಗಳಂಥವರು ಇನ್ನೆಷ್ಟು ಜನ ಇದ್ದರೋ ಎಂದು ಯೋಚಿಸಿದ್ದೂ ಉಂಟು, ಆದರೆ ಇರಲಿಲ್ಲ. ಉಳಿದವರೆಲ್ಲ ಪಾಯಸ ಕುಡಿದು ಸತ್ತಂತೆ ಬಿದ್ದಿದ್ದರು. ಜೈನಾಳ ಪಾಲಿನ ಪಾಯಸ ಗಾದಿಯ ಪಕ್ಕದ ಇಲಿಬಿಲಕ್ಕೆ ಹೋಗುತ್ತಿತ್ತು. ಅಲ್ಲಿನ ಇಲಿಗಳು ಹಗಲಲ್ಲೇ ಬಿಲದ ಬಾಯಲ್ಲಿ ಮಲಗಿರುತ್ತಿದ್ದವು.

ಒಂದು ಬೆಳಿಗ್ಗೆ ಗುರುಪಾದಪ್ಪ ಎಲ್ಲರನ್ನೂ ಎಬ್ಬಿಸದೆ, ಸಾಲಿಗೊಬ್ಬರಂತೆ ಆರಿಸಿ ಹೊರಗೆ ಕರೆದ. ಅದರಲ್ಲಿ ಜೈನಾ ಇದ್ದಳು, ಮುದಕಪ್ಪ ಇದ್ದ. ನಾನು ನೀರು ಕೊಡುತ್ತಿದ್ದೆ.

"ಇವತ್ತು ಮಧ್ಯಾಹ್ನ ಮುಗಿಸೋಣು," ಎಂದ ಅವನು. "ಇಷ್ಟು ದಿನ ಆ ಮಕ್ಕಳು ನಿದ್ದಿಗೆಟ್ಟು ಒಣಗ್ಯಾವು. ನಾ ಜಾಗಟಿ ಬಾರಿಸ್ತೀನಿ, ನೀವು ನಿಮ್ಮ ನಿಮ್ಮ ಸಾಲಿನವರ ಕಿವಿಯಾಗಿನ ಅರಳಿ ತಗದು ಎಬ್ಬಿಸ್ರಿ. ನಮ್ಮವರು ಅಷ್ಟೂ ಮಂದಿ ಒಮ್ಮಿಗೇ ಎದ್ದು ಬಿಡ್ರಿ. ನೀವು ಎದ್ರಿ ಅಂದ್ರ ಅವರು ನಿಂತ ನಿಂತಲ್ಲೇ ಬೀಳ್ತಾರ. ಹಳ್ಳ ದಾಟ್ರಿ, ಒಬ್ಬೊಬ್ಬರನ್ನ ಮುಗಿಸ್ಕೊಂತ ಹೋಗ್ರಿ. ಒಂದು ಗುಂಡು ಖರ್ಚಾಗಂಗಿಲ್ಲ."

ಜೈನಾ ಕೇಳಿದಳು. "ಮಲಗಿದವರನ್ನ?"

"ಹೂಂ. ಮಲಗಿದವರನ್ನ."

"ಅವರಿಗೆ ಗೊತ್ತಾಗಂಗಿಲ್ಲ ಬಿಡವ್ವ," ಎಂದ ಮುದಕಪ್ಪ. ಹಾಗೆಂದವನ ಮುಖ ಬಿಳಿಚಿತ್ತು.

ಜೈನಾ ಒಳಗೆ ಬಂದು ತನ್ನ ಪಾಲಿನ ಪಾಯಸದ ತಂಬಿಗೆ ತೆಗೆದುಕೊಂಡಳು. ಬಿಲಕ್ಕೆ ಸುರಿಯಲಿಲ್ಲ. ಸೆರಗಿನ ಒಳಗೆ ಹಿಡಿದುಕೊಂಡಳು. ನನಗೆ ಅರ್ಥವಾಯಿತು. ಮಧ್ಯಾಹ್ನ ಅಡಿವೆಪ್ಪನ ಸರದಿ. ಅವನೂ ಮಲಗಿರುತ್ತಾನೆ. ಅವನನ್ನು ಎಬ್ಬಿಸಲು ಅವಳಿಗೆ ಇದ್ದದ್ದು ಒಂದೇ ದಾರಿ: ಕಷಾಯದ ಬಲದಿಂದ ಅವನ ನಿದ್ದೆಯನ್ನು ತನ್ನ ಕಡೆಗೆ ಎಳೆದುಕೊಳ್ಳುವುದು.

"ನಡು ಹಳ್ಳದಾಗ ಮಲಗ್ತಿಯೇನ?" ಎಂದೆ. "ಗುಂಡು ಹಾರ್ತಾವ. ನೀರಾಗ ಮುಖ ಕೆಳಗಾಗಿ ಬಿದ್ರ?"

"ಉಸುಕಿನ ದಿಬ್ಬ ಐತಲ್ಲ, ಅಲ್ಲಿ. ಇಲ್ಲೇ ಮಲಗಿದ್ರ ಎಬ್ಬಿಸಿಬಿಡ್ತಾರ. ಅವ್ವ, ಉಳದವರಿಗೆ ಇದು ರೂಢಿ ಆಗೇತಿ. ನಾ ಒಮ್ಮೆನೂ ಕುಡದಿಲ್ಲ. ಲಗೂ ಹತ್ತತೈತಿ."

"ಅಂವ ಎದ್ದು ನಿನ್ನ ಮ್ಯಾಲೇ ಬಂದೂಕು ಹಿಡದ್ರ?"

ಅವಳು ನಕ್ಕಳು. "ಹಿಡೀಲಿ. ನಾ ಮಲಗಿರ್ತೀನಿ, ನನಗೇನ್ ಗೊತ್ತಾಗತೈತಿ?"

ತಂಬಿಗೆಯನ್ನು ಕಸಿದುಕೊಳ್ಳಬಹುದಿತ್ತು. ಅವಳಿಗಿಂತ ನನ್ನ ತೋಳು ಗಟ್ಟಿ. ಕಸಿದುಕೊಂಡಿದ್ದರೆ ಅವಳ ಜೀವಕ್ಕೆ ಅಪಾಯ ಇರುತ್ತಿರಲಿಲ್ಲ, ಆಚೆ ಎಣ್ಣೆಗೈಯ ಹುಡುಗನ ಕುತ್ತಿಗೆಯನ್ನು ಯಾರೋ ಮಲಗಿದಲ್ಲೇ ಕೊಯ್ಯುತ್ತಿದ್ದರು, ಆಮೇಲೆ ಅವಳು ಜೀವಮಾನವೆಲ್ಲ ನನ್ನ ಹಾಗೆ ಮಲಗುತ್ತಿದ್ದಳು. ನಾನು ಅವಳ ಜಡೆ ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆದೆ. ಅಷ್ಟೇ ಮಾಡಿದ್ದು.

ಸೂರ್ಯ ನೆತ್ತಿಗೆ ಬಂದಾಗ ಜಾಗಟೆ ಮೊಳಗಿತು. ಉಗ್ರಾಣದ ಹುಡುಗರು ಒಮ್ಮೆಲೇ ಎದ್ದು, ಮುಖಕ್ಕೆ ನೀರು ಎರಚಿಕೊಂಡು ಹೊರಗೆ ಬಂದರು. ಹಳ್ಳ ಅಷ್ಟೇನೂ ಅಗಲವಿಲ್ಲ, ಆಚೆ ದಡ ನನಗೆ ಚೆನ್ನಾಗಿ ಕಾಣುತ್ತಿತ್ತು. ಮೂಟೆಗಳ ಗೋಡೆಯ ಹಿಂದೆ ನಿಂತಿದ್ದ ಅವರ ಹುಡುಗರು ಮೊದಲು ತೂಗಾಡಿದರು. ಒಬ್ಬನ ಕೈಯಿಂದ ತಮಟೆಯ ಕೋಲು ಜಾರಿತು. ಒಬ್ಬಳು ಮೂಟೆಯ ಮೇಲೆ ಕೆನ್ನೆ ಇಟ್ಟಳು. ಆಮೇಲೆ ಎಲ್ಲರೂ ಬಿದ್ದರು. ಗಾಳಿಗೆ ಜೋಳದ ಹೊಲ ಮಲಗಿದ ಹಾಗೆ ಇಡೀ ದಡ ಮಲಗಿತು. ಅಷ್ಟು ದಿನ ಗದ್ದಲವಾಗಿದ್ದ ಹಳ್ಳದಲ್ಲಿ ನೀರಿನ ಸದ್ದು ಕೇಳಿಸಿತು.

ನಮ್ಮವರು ನೀರಿಗಿಳಿದರು. ಜೈನಾ ದಂಡೆಯಲ್ಲೇ ತಂಬಿಗೆ ಎತ್ತಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಅವರ ಜೊತೆ ನಡೆದಳು. ಉಸುಕಿನ ದಿಬ್ಬಕ್ಕೆ ಬರುವಷ್ಟರಲ್ಲಿ ಅವಳ ಕಾಲು ತೊಡರಿತು. ಕೂತಳು. ಕತ್ತಿಯನ್ನು ಪಕ್ಕಕ್ಕಿಟ್ಟಳು. ಕೂಸಿನ ಹಾಗೆ ಮೊಣಕಾಲು ಮಡಚಿ ಬಲಮಗ್ಗುಲಾಗಿ ಮಲಗಿದಳು. "ಏಯ್, ಆ ಹುಡುಗಿಗೆ ಏನಾತು?" ಎಂದು ಗುರುಪಾದಪ್ಪ ಕೂಗಿದ.

ಆಚೆ ದಡದಲ್ಲಿ ಒಂದೇ ಒಂದು ತಲೆ ಮೇಲೆದ್ದಿತು. ಅಡಿವೆಪ್ಪ ಸುತ್ತ ನೋಡಿದ, ಬಿದ್ದಿದ್ದ ತನ್ನವರನ್ನು ನೋಡಿದ, ನಡು ನೀರಿನಲ್ಲಿದ್ದ ನಮ್ಮವರನ್ನು ನೋಡಿದ. ದಿಬ್ಬದ ಮೇಲೆ ಮಲಗಿದ್ದ ಜೈನಾಳ ಮೇಲೆ ಅವನ ಕಣ್ಣು ನಿಂತಿತು. ಅವನ ಕಾಲ ಬುಡದಲ್ಲಿ ಬಂದೂಕು ಇತ್ತು. ಅವನು ತಮಟೆ ಎತ್ತಿಕೊಂಡ. ಬಡಿದ. ಮೂಟೆ ಹತ್ತಿ ನಿಂತು, ಎದೆ ಒಡೆಯುವ ಹಾಗೆ ಬಡಿದ. ಅವನವರು ಅಲುಗಲಿಲ್ಲ. ಅಷ್ಟು ದಿನ ಕಣ್ಣು ಮುಚ್ಚದವರಿಗೆ ತಮಟೆ ಯಾವ ಲೆಕ್ಕ?

ಮುದಕಪ್ಪ ಎಲ್ಲರಿಗಿಂತ ಮೊದಲು ದಡ ಹತ್ತಿದ. ಅಲ್ಲಿ ಅವನ ಸರದಿಯವನು, ಕುಂಬಾರರ ನಿರುಪಾದಿ, ಬಾಯಿ ತೆರೆದು ಬಿದ್ದಿದ್ದ. ಮುದಕಪ್ಪ ಕುಡುಗೋಲು ಎತ್ತಿದವನು ಹಾಗೇ ನಿಂತ. ಆಮೇಲೆ ಕುಡುಗೋಲು ಬಿಸಾಕಿ ನಿರುಪಾದಿಯ ಎರಡೂ ಭುಜ ಹಿಡಿದು ಅಲುಗಿಸತೊಡಗಿದ. "ಏಳಲೇ! ಏ ಕತ್ತಿಮಗನ, ಏಳೋ! ಎದ್ದು ಗುದ್ದಾಡೋ! ಹಿಂಗ ಬಿದ್ರ ನಾ ನಿನಗ ಏನ್ ಮಾಡ್ಲೋ?" ಅವನ ದನಿ ಈಚೆ ದಡಕ್ಕೆ ಕೇಳುತ್ತಿತ್ತು, ಅಳುತ್ತಿದ್ದ. ಹಿಂದೆ ಬಂದವರೂ ಆಯುಧ ಕೆಳಗಿಟ್ಟು ಮಲಗಿದವರ ಕೆನ್ನೆಗೆ ಬಡಿದರು, ಮುಖಕ್ಕೆ ನೀರು ಸುರಿದರು, ಕಿವಿ ಹಿಂಡಿದರು, ಬೈದರು. ಅಷ್ಟು ಪ್ರೀತಿಯಿಂದ ಬೈದದ್ದನ್ನು ನಾನು ಎಲ್ಲೂ ಕೇಳಿಲ್ಲ. ಒಬ್ಬಿಬ್ಬರು ಕಣ್ಣು ಬಿಟ್ಟರು. ಹಗೆಯ ಮುಖವನ್ನು ಅಷ್ಟು ಹತ್ತಿರ ಕಂಡು ಚೀರಿದರು.

ಗುರುಪಾದಪ್ಪ ಹುಚ್ಚನಂತಾದ. ಅವನ ಸುತ್ತ ಅವನದೇ ವಯಸ್ಸಿನ ನಾಲ್ಕಾರು ಗಂಡಸರು ಬಂದೂಕು ಹಿಡಿದು ನಿಂತಿದ್ದರು. "ಆ ತಮಟಿಗೆ ಹೊಡೀರಿ!" ಎಂದ. ಅವರು ಹೊಡೆದರು. ಹೊಗೆ ಎದ್ದಿತು. ತಮಟೆ ನಿಂತಿತು.

ಹೊಗೆ ಹರಿಯುವ ತನಕ ನಾನು ಕಾಯಲಿಲ್ಲ. ನೀರಿಗಿಳಿದು ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದೆ. ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ. ನಮ್ಮ ಹುಡುಗರು ಬರಿಗೈಯಲ್ಲಿ ಹಳ್ಳ ದಾಟಿ ಓಡಿಬಂದರು. ಗುರುಪಾದಪ್ಪ ಅವರನ್ನು ಮತ್ತೆ ಉಗ್ರಾಣಕ್ಕೆ ಕರೆದ. ಯಾರೂ ಹೋಗದೆ ತಮ್ಮ ತಮ್ಮ ಮನೆಗೆ ಹೋದರು. ಆ ಗುಂಡುಗಳಿಗೆ ಆಚೆ ಎಷ್ಟು ಜನ ಸತ್ತರು, ಯಾರು ಸತ್ತರು ಎಂದು ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಮುಂದಿನ ಒಂದೆರಡು ದಿನಗಳಲ್ಲಿ ಯಾವ ಮನೆಯ ಮಕ್ಕಳು ಎಬ್ಬಿಸಿದರೂ ಏಳದೆ ಮಲಗುತ್ತಾರೋ ಆ ಮನೆಯವರು, ಸರದಿಯವರು ಹೋದರೆಂದು ತಿಳಿದು, ತಾವಾಗಿಯೇ ಕದ ಮುಚ್ಚಿಕೊಳ್ಳುತ್ತಾರೆ.

ಜೈನಾ ಮಲಗಿಯೇ ಇದ್ದಳು. ಸಂಜೆಯಾಯಿತು, ಬೆಳಗಾಯಿತು. ಅವಳು ಮಲಗಿದ್ದಾಳೆ ಎಂದರೆ ಅಡಿವೆಪ್ಪ ಎದ್ದಿದ್ದಾನೆ, ಇಲ್ಲವೇ ಅವನೇ ಇಲ್ಲ. ಎರಡರಲ್ಲಿ ಯಾವುದೆಂದು ಅವಳ ಮುಖ ಹೇಳಲಿಲ್ಲ. ಅವಳು ತೊಟ್ಟಿಲಲ್ಲಿದ್ದಾಗಿನಿಂದ ಅವಳ ನಿದ್ದೆಗಾಗಿ ನಾನು ಏನೆಲ್ಲ ಮಾಡಿರಲಿಲ್ಲ? ಸೊಳ್ಳೆ ಓಡಿಸಿದ್ದೆ, ಬಾಗಿಲು ಸದ್ದಾಗದಂತೆ ಎಣ್ಣೆ ಬಿಟ್ಟಿದ್ದೆ. ಈಗ ಪಾತ್ರೆ ಬೀಳಿಸಿದೆ. ಬಾಗಿಲು ಬಡಿದೆ. ಪಾಯಸದ ಅಮಲು ಇಷ್ಟು ಹೊತ್ತು ಇರುತ್ತದೆಯೇ ಎಂದು ಪಕ್ಕದ ಮನೆಯ ಮುದುಕಿಯನ್ನು ಕೇಳಿದೆ. ಅವಳು ನನ್ನ ಮುಖ ನೋಡಿ ಒಂದು ಬಟ್ಟಲು ಗಂಜಿ ಕೊಟ್ಟು ಹೋದಳು.

ಹೊತ್ತೇರಿದ ಮೇಲೆ ಜೈನಾ ಕಣ್ಣು ಬಿಟ್ಟಳು. ಗಂಜಿ ಕುಡಿದಳು. ಮುಖ ತೊಳೆದಳು. ತಾನಾಗಿ ಎದ್ದಳೋ, ಆಚೆಯವನು ಮಲಗಿದ್ದಕ್ಕೆ ಎದ್ದಳೋ, ಅಮಲು ಇಳಿದು ಎದ್ದಳೋ ಅವಳಿಗೂ ಗೊತ್ತಿರಲಿಲ್ಲ.

"ಅಂವ ಎದ್ದು ತಮಟಿ ಬಾರಿಸಿದ್ನೇನ?" ಎಂದಳು.

"ಬಾರಿಸಿದ."

"ಆಮ್ಯಾಲೆ?"

"ಆಮ್ಯಾಲೆ ಹೊಗಿ ಆತು."

ದಂಡೆಗೆ ಹೋಗುತ್ತಾಳೇನೋ ಎಂದುಕೊಂಡೆ, ಹೋಗಲಿಲ್ಲ. ಕಸ ಗುಡಿಸಿದಳು, ನನ್ನ ಬೊಬ್ಬೆಗಳಿಗೆ ಅರಿಶಿನ ಹಚ್ಚಿದಳು. ಆಮೇಲೆ ಚಾಪೆ ಬಿಡಿಸಿ ಮಲಗಿದಳು. ಅಡಿವೆಪ್ಪನ ಸರದಿಯ ಹೊತ್ತದು. ಪಾಯಸದ ಭಾರ ಇನ್ನೂ ಅವಳ ರೆಪ್ಪೆಯ ಮೇಲೆ ಇತ್ತು. ನಿದ್ದೆ ಬಂದರೆ ಆಚೆಯಿಂದ ಎಳೆಯುವವನು ಇಲ್ಲವೆಂದೇ ಅರ್ಥ, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಕಣ್ಣು ಮುಚ್ಚಿದಳು. ನಾನು ಗೋಡೆಗೆ ಒರಗಿ ಅವಳ ಉಸಿರನ್ನೇ ಕೇಳುತ್ತ ಕೂತೆ. ಒಮ್ಮೆ ಅದು ಉದ್ದವಾಯಿತು, ನಾನು ಗೋಡೆ ಬಿಟ್ಟು ಮುಂದಕ್ಕೆ ಬಗ್ಗಿದೆ. ಅವಳು ಮಗ್ಗುಲಾದಳು. ಗೋಡೆಯ ಕಡೆ ತಿರುಗಿದಳು. ಮತ್ತೆ ಈಚೆಗೆ ತಿರುಗಿದಳು. ದಿಂಬು ತೆಗೆದು ಹಾಕಿದಳು. ಓಣಿಯಲ್ಲಿ ಒಂದು ಆಡು ಒದರುತ್ತಿತ್ತು, ಯಾರೋ ಅದನ್ನು ಗದರಿಸುತ್ತಿದ್ದರು. ಬಹಳ ಹೊತ್ತಾದ ಮೇಲೆ ಜೈನಾ ಕಣ್ಣು ತೆರೆದು ಜಂತಿ ನೋಡಿದಳು. ಅವಳ ಕಣ್ಣ ಕೊನೆಯಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಬಾಯಿ ನಗುತ್ತಿತ್ತು.

"ಅವ್ವ, ಎಷ್ಟು ಮಾಡಿದ್ರೂ ನಿದ್ದಿ ಬರವಲ್ದು."

ನಾನು ಎದ್ದು ಹೊರಗೆ ಹೋಗಿ ಆ ಆಡನ್ನು ಅಟ್ಟಿದೆ. ಗದರಿಸುತ್ತಿದ್ದ ಹುಡುಗಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸಿದೆ. ಒಳಗೆ ಬಂದು ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿದೆ.

"ಎದ್ದು ಕೂಡು ಹಂಗಾದ್ರ," ಎಂದೆ. "ಗದ್ದಲ ಮಾಡಬ್ಯಾಡ. ಅಂವ ಮಲಗ್ಯಾನ."